ಹ್ಯೂಸ್ಟನ್ನಿನಲ್ಲಿ ಐದು ದಿನ, 4.7 ಸೆಕೆಂಡು

ಮೊದಲ ದಿನ: ಶುಕ್ರವಾರ, 2016ರ ಏಪ್ರಿಲ್ 1

ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಹೋಗುವ ಸುಮಾರು 240 ಮೈಲಿಗಳ ದಾರಿಯಲ್ಲಿ ಕಣ್ಣಿಗೆ ಹಬ್ಬವೆನಿಸುವಂಥದ್ದು ಹೆಚ್ಚೇನೂ ಇಲ್ಲ. ಹಂಟ್ಸ್‌ವಿಲ್ ಹತ್ತಿರ ಪೈನ್ ಮರಗಳ ನಡುವೆ ಎದ್ದು ನಿಂತಿರುವ ಸ್ಯಾಮ್ ಹ್ಯೂಸ್ಟನ್ನರ 67 ಅಡಿಯ ಬಿಳಿ ಪ್ರತಿಮೆಯೊಂದನ್ನು ಬಿಟ್ಟರೆ ಹೆದ್ದಾರಿಯೇ ಹೆದ್ದಾರಿ. ಕಾಲೇಜು ಬಾಸ್ಕೆಟ್‌ಬಾಲಿನ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಮತ್ತು ಫೈನಲ್ ನೋಡಲು ಬೆಳಗಿನ ಜಾವ ಹೊರಟ ನಾವಿಬ್ಬರೂ ಆ ದಾರಿಯುದ್ದಕ್ಕೂ ಮಾತನಾಡಿದ್ದು ಬಾಸ್ಕೆಟ್‌ಬಾಲ್ ಒಂದನ್ನೇ. ಗೆಳೆಯ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಬಂದವನು. ತನ್ನ ಆಕಾಶನೀಲಿ ಜೆರ್ಸಿಗೆ ಇಸ್ತ್ರಿ ಹಾಕಿ, ಮದುವೆಗೆ ಹೊರಟವನ ಕೋಟಿನಂತೆ ಕಾರಿನ ಹಿಂಬದಿಯಲ್ಲಿ ತೂಗುಹಾಕಿದ್ದ. ನನಗೆ ಯಾವ ಪಕ್ಷವೂ ಇರಲಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಗಾರ್ಡ್ ಆಗಿ ಆಡಿ, ಅದರಲ್ಲಿ ಎರಡೂವರೆ ವರ್ಷ ಬೆಂಚಿನ ಮೇಲೆ ಕುಳಿತಿದ್ದವನಿಗೆ ಒಳ್ಳೆಯ ಆಟ ಕಂಡರೆ ಸಾಕು ಎನ್ನುವ ಮನಸ್ಸಿನಿಂದ ಹೊರಟಿದ್ದೆ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನ ರಾಷ್ಟ್ರೀಯ ಟೂರ್ನಿ 1939ರಲ್ಲಿ ಎಂಟೇ ತಂಡಗಳೊಂದಿಗೆ ಆರಂಭವಾಯಿತು. ಈಗ ಅದು 68 ತಂಡಗಳ ಮೂರು ವಾರದ ಜಾತ್ರೆ. ಒಮ್ಮೆ ಸೋತರೆ ಮನೆಗೆ. ಮರುಪಂದ್ಯವಿಲ್ಲ, ಸರಣಿಯಿಲ್ಲ, ಲೆಕ್ಕ ಸರಿಪಡಿಸಿಕೊಳ್ಳುವ ಇನ್ನೊಂದು ದಿನವೂ ಇಲ್ಲ. ವೃತ್ತಿಪರರ ಎನ್‌ಬಿಎಯಲ್ಲಿ ಏಳು ಪಂದ್ಯಗಳ ಸರಣಿ ಮುಗಿಯುವಷ್ಟರಲ್ಲಿ ಉತ್ತಮ ತಂಡವೇ ಸಾಮಾನ್ಯವಾಗಿ ಗೆದ್ದಿರುತ್ತದೆ. ಇಲ್ಲಿ ಮಾತ್ರ ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬನ ಬೆರಳ ತುದಿ ಆ ಸಂಜೆ ಎಷ್ಟು ನಿಖರವಾಗಿದೆ ಎನ್ನುವುದರ ಮೇಲೆ ಇಡೀ ವರ್ಷದ ಶ್ರಮ ನಿಂತಿರುತ್ತದೆ. ಆ ವರ್ಷ ಕೊನೆಯ ನಾಲ್ಕರಲ್ಲಿ ಉಳಿದಿದ್ದವರು ವಿಲ್ಲನೋವಾ, ಓಕ್ಲಹೋಮ, ನಾರ್ತ್ ಕ್ಯಾರೊಲಿನಾ ಮತ್ತು ಸಿರಕ್ಯೂಸ್. ಸಿರಕ್ಯೂಸ್ ತನ್ನ ವಿಭಾಗದಲ್ಲಿ ಹತ್ತನೆಯ ಶ್ರೇಯಾಂಕದ ತಂಡವಾಗಿತ್ತು; ಹತ್ತನೆಯ ಶ್ರೇಯಾಂಕದವರು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು.

ಸೆಮಿಫೈನಲ್ಲಿನ ಹಿಂದಿನ ದಿನದ ಅಭ್ಯಾಸವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಹಾಗಾಗಿ ಹ್ಯೂಸ್ಟನ್ ತಲುಪಿದ ಕೂಡಲೇ ವಸತಿಗೂ ಹೋಗದೆ ನೇರವಾಗಿ ಎನ್‌ಆರ್‌ಜಿ ಕ್ರೀಡಾಂಗಣಕ್ಕೆ ಹೋದೆವು. 2002ರಲ್ಲಿ ತೆರೆದ ಈ ಕ್ರೀಡಾಂಗಣ ಮೂಲತಃ ಅಮೆರಿಕನ್ ಫುಟ್‌ಬಾಲಿಗೆ ಕಟ್ಟಿದ್ದು. ಅದರ ಮಧ್ಯದಲ್ಲಿ 94 ಅಡಿ ಉದ್ದ, 50 ಅಡಿ ಅಗಲದ ಮರದ ಹಾಸನ್ನು ನೆಲದಿಂದ ಎತ್ತರಿಸಿ ಜೋಡಿಸಿದ್ದರು. ಮೇಲಿನ ಹಂತದಿಂದ ನೋಡಿದರೆ ದೊಡ್ಡ ಅಂಗಳದ ನಡುವೆ ಯಾರೋ ಮರೆತುಹೋದ ಚಾಪೆಯಂತೆ ಕಾಣುತ್ತಿತ್ತು. ಬದಲಿ ಆಟಗಾರರೂ ಕೋಚುಗಳೂ ಕೂರುವ ಜಾಗ ಆ ವೇದಿಕೆಗಿಂತ ಕೆಳಗೆ. ಬೆಂಚಿನಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ ಆಡುವವರ ಬೂಟುಗಳು. ಕೋಚುಗಳು ನಡುನಡುವೆ ಸ್ಟೂಲಿನ ಮೇಲೆ ಕೂರುವುದು ಈ ಕಾರಣಕ್ಕೇ.

ಇಂಥ ವಿಶಾಲ ಆವರಣದಲ್ಲಿ ರಿಂಗಿನ ಹಿಂದೆ ಗೋಡೆಯಿರುವುದಿಲ್ಲ, ಹತ್ತಿರದ ಪ್ರೇಕ್ಷಕರ ಸಾಲೂ ಇರುವುದಿಲ್ಲ. ದೂರದ ಕತ್ತಲೆಯ ಹಿನ್ನೆಲೆಯಲ್ಲಿ ರಿಂಗು ತೇಲಿದಂತೆ ಕಾಣುತ್ತದೆ, ಅಂತರದ ಅಂದಾಜು ಕೆಡುತ್ತದೆ ಎಂಬುದು ಎಸೆತಗಾರರ ಹಳೆಯ ದೂರು. ಇದಕ್ಕೆ ಪುರಾವೆಯಾಗಿ ಎಲ್ಲರೂ ತೋರಿಸುತ್ತಿದ್ದುದು ಇದೇ ಕ್ರೀಡಾಂಗಣದಲ್ಲಿ ನಡೆದ 2011ರ ಫೈನಲ್ ಪಂದ್ಯವನ್ನು. ಅಂದು ಬಟ್ಲರ್ ತಂಡ 64 ಬಾರಿ ಎಸೆದು ಬರೀ 12 ಬಾರಿ ಗುರಿ ಮುಟ್ಟಿಸಿ, ಕನೆಕ್ಟಿಕಟ್ ಎದುರು 41–53ರಿಂದ ಸೋತಿತ್ತು. ಗೆಳೆಯ ದಾರಿಯಲ್ಲಿ ಈ ಅಂಕಿಯನ್ನು ನಾಲ್ಕು ಬಾರಿಯಾದರೂ ಹೇಳಿದ್ದ. ಅವನ ತಂಡ ದೂರದಿಂದ ಎಸೆಯುವುದಕ್ಕಿಂತ ರಿಂಗಿನ ಬುಡದಲ್ಲಿ ನುಗ್ಗಿ ಆಡುವ ತಂಡ. ಬಿಲ್ಲುಗಾರರಿಗೆ ಗಾಳಿ ಎದುರಾದರೆ ಕತ್ತಿ ಹಿಡಿದವನಿಗೇನು ಎನ್ನುವುದು ಅವನ ವಾದ.

ಅಭ್ಯಾಸದಲ್ಲಿ ಹೆಚ್ಚಿನ ಮಂದಿ ಡಂಕ್, ಅಂದರೆ ಮೇಲೆ ಹಾರಿ ಚೆಂಡನ್ನು ರಿಂಗಿನೊಳಗೆ ತುರುಕುವುದನ್ನು, ನೋಡಲು ಕಾಯುತ್ತಿದ್ದರು. ನನ್ನ ಕಣ್ಣು ನೆಟ್ಟದ್ದು ವಿಲ್ಲನೋವಾದ ಹುಡುಗರ ಕಾಲುಗಳ ಮೇಲೆ. ಆಗಿನ ಕೋಚ್ ಜೇ ರೈಟ್ ಅವರ ತಂಡದ ಗುರುತೇ ಅದಾಗಿತ್ತು: ರಿಂಗಿನತ್ತ ಓಡಿಬಂದು, ಎರಡೂ ಪಾದಗಳನ್ನು ಒಟ್ಟಿಗೇ ಊರಿ ನಿಲ್ಲುವುದು. ಹಾಗೆ ನಿಂತವನು ಯಾವ ಕಾಲನ್ನು ಬೇಕಾದರೂ ಅಚ್ಚು ಮಾಡಿಕೊಂಡು ತಿರುಗಬಹುದು, ಎಸೆಯುವಂತೆ ನಟಿಸಿ ಎದುರಾಳಿಯನ್ನು ಹಾರಿಸಬಹುದು, ಇಲ್ಲವೆ ಹೊರಗಿರುವವನಿಗೆ ಪಾಸ್ ಕೊಡಬಹುದು. ನಮ್ಮ ಕೋಚ್ ಇದನ್ನೇ ನಮಗೆ ಕಲಿಸಲು ಹೋಗಿ ಸೋತಿದ್ದರು. ಇಲ್ಲಿ ಆರೂವರೆ ಅಡಿಯ ಹುಡುಗರು, ಯಾರೂ ಅಡ್ಡಬರದ ಖಾಲಿ ಅಂಗಳದಲ್ಲಿ, ಪ್ರತಿಸಲವೂ ಎರಡು ಬೂಟುಗಳ ಒಂದೇ ಸದ್ದಿನೊಂದಿಗೆ ನಿಲ್ಲುತ್ತಿದ್ದರು.

ಸಂಜೆ ವಸತಿಗೆ ಹೋದರೆ ನಮ್ಮ ಹೆಸರಿನಲ್ಲಿ ಕೋಣೆಯೇ ಇರಲಿಲ್ಲ. ಎರಡು ತಿಂಗಳ ಹಿಂದೆ ಕಾದಿರಿಸಿದ್ದ ಚೀಟಿ ತೋರಿಸಿದರೂ ಪ್ರಯೋಜನವಾಗಲಿಲ್ಲ. ಒಂದೂವರೆ ಗಂಟೆಯ ಜಟಾಪಟಿಯ ನಂತರ ಊರಿನ ಉತ್ತರದ ಅಂಚಿನಲ್ಲಿ ಬೇರೊಂದು ಕಡೆ ಹಾಸಿಗೆ ಸಿಕ್ಕಿತು. ಅದರ ಬಗ್ಗೆ ಇಷ್ಟು ಸಾಕು.

ಎರಡನೆಯ ದಿನ: ಶನಿವಾರ

ಕಾರನ್ನು ನಗರದ ಕೇಂದ್ರದಲ್ಲಿ ನಿಲ್ಲಿಸಿ 1.25 ಡಾಲರಿನ ಟಿಕೆಟ್ ಕೊಂಡು ಮೆಟ್ರೋ ರೈಲಿನ ಕೆಂಪು ಮಾರ್ಗ ಹಿಡಿದೆವು. ವಸ್ತುಸಂಗ್ರಹಾಲಯಗಳ ಬಡಾವಣೆ, ಹರ್ಮನ್ ಉದ್ಯಾನ, ಆಮೇಲೆ ಸಾಲುಸಾಲು ಆಸ್ಪತ್ರೆಗಳ ಟೆಕ್ಸಾಸ್ ವೈದ್ಯಕೀಯ ಕೇಂದ್ರ. ಇವನ್ನೆಲ್ಲ ದಾಟಿ ರೈಲು ಕ್ರೀಡಾಂಗಣದ ಪಕ್ಕಕ್ಕೆ ತಂದು ಬಿಡುತ್ತದೆ. ಡಬ್ಬಿಯೊಳಗೆ ಎರಡು ನೀಲಿಗಳಿದ್ದವು: ಕ್ಯಾರೊಲಿನಾದ ತಿಳಿನೀಲಿ, ವಿಲ್ಲನೋವಾದ ಕಡುನೀಲಿ. ಅವುಗಳ ನಡುವೆ ಸಿರಕ್ಯೂಸಿನ ಕಿತ್ತಳೆ, ಓಕ್ಲಹೋಮದ ಕಡುಗೆಂಪು. ಆಸ್ಪತ್ರೆಯ ನಿಲ್ದಾಣದಲ್ಲಿ ಹತ್ತಿದ, ಪಾಳಿ ಮುಗಿಸಿಬಂದಿದ್ದ ದಾದಿಯೊಬ್ಬರು ಈ ಬಣ್ಣಗಳನ್ನೆಲ್ಲ ಒಮ್ಮೆ ನೋಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರು.

ಮೊದಲ ಸೆಮಿಫೈನಲ್ ವಿಲ್ಲನೋವಾ ಮತ್ತು ಓಕ್ಲಹೋಮ ನಡುವೆ. ಬಹಾಮಾಸ್‌ನಿಂದ ಬಂದ ಬಡ್ಡಿ ಹೀಲ್ಡ್ ಆ ವರ್ಷದ ಅತಿ ದೊಡ್ಡ ಹೆಸರು. ಹಿಂದಿನ ಪಂದ್ಯದಲ್ಲಿ ಆರೆಗಾನ್ ವಿರುದ್ಧ ಒಬ್ಬನೇ 37 ಅಂಕ ಗಳಿಸಿದ್ದ. ಮೇಲಾಗಿ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನಲ್ಲಿ ಆಡಿದಾಗ ಓಕ್ಲಹೋಮ ಇದೇ ವಿಲ್ಲನೋವಾವನ್ನು 78–55ರಿಂದ ಸದೆಬಡಿದಿತ್ತು. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಕುಳಿತಿದ್ದವರಿಗೆ ಕಂಡದ್ದೇ ಬೇರೆ. ಹೀಲ್ಡ್ ಚೆಂಡು ಹಿಡಿದಾಗಲೆಲ್ಲ ಎದುರಿಗೆ ಒಬ್ಬ, ಅವನ ಬೆನ್ನಿಗೆ ಇನ್ನೊಬ್ಬ. ಅವನ ಒಟ್ಟು ಗಳಿಕೆ 9 ಅಂಕಕ್ಕೇ ನಿಂತಿತು. ದ್ವಿತೀಯಾರ್ಧದಲ್ಲಿ ವಿಲ್ಲನೋವಾ ಎದುರಾಳಿಗೆ ಒಂದೂ ಅಂಕ ಬಿಡದೆ ಸತತ 25 ಅಂಕ ಗಳಿಸಿತು. ಕೊನೆಗೆ 95–51. ನಲವತ್ತನಾಲ್ಕು ಅಂಕಗಳ ಅಂತರ. ಕೊನೆಯ ನಾಲ್ಕರ ಹಂತದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ. ರಿಂಗು ತೇಲುತ್ತದೆಂದು ಹೆದರಿಸಿದ್ದ ಅದೇ ಅಂಗಳದಲ್ಲಿ ಅವರ ಎಸೆತಗಳಲ್ಲಿ ನೂರಕ್ಕೆ 71ಕ್ಕಿಂತ ಹೆಚ್ಚು ಬಲೆಯೊಳಗೆ ಬಿದ್ದಿದ್ದವು. ಗೆಳೆಯ 2011ರ ಅಂಕಿಯನ್ನು ಆಮೇಲೆ ಮತ್ತೆ ಎತ್ತಲಿಲ್ಲ.

ನೋಡುವುದಕ್ಕೆ ಅದು ಬೇಸರದ ಪಂದ್ಯವೆಂದು ಅನೇಕರು ಎದ್ದುಹೋದರು. ನನಗೆ ಹಾಗನ್ನಿಸಲಿಲ್ಲ. ಗೆಲುವು ಖಚಿತವಾದ ಮೇಲೂ ಎರಡೂ ಕಾಲೂರಿ ನಿಲ್ಲುವುದನ್ನು ಆ ಹುಡುಗರು ಬಿಡಲಿಲ್ಲ ಎನ್ನುವುದನ್ನು ನಾನು ದುರ್ಬೀನಿನಲ್ಲಿ ನೋಡುತ್ತಿದ್ದೆ.

ಎರಡನೆಯ ಪಂದ್ಯದಲ್ಲಿ ಕ್ಯಾರೊಲಿನಾ ಸಿರಕ್ಯೂಸನ್ನು 83–66ರಿಂದ ಸೋಲಿಸಿತು. ಸಿರಕ್ಯೂಸಿನ ಕೋಚ್ ಜಿಮ್ ಬೋಹೈಮ್ ಅವರ ಹೆಸರಾಂತ ಎರಡು-ಮೂರರ ವಲಯ ರಕ್ಷಣೆಯನ್ನು (ಇಬ್ಬರು ಮುಂದೆ, ಮೂವರು ರಿಂಗಿನ ಬಳಿ ನಿಂತು ತಮ್ಮ ತಮ್ಮ ಜಾಗ ಕಾಯುವುದು) ಕ್ಯಾರೊಲಿನಾದ ಬ್ರೈಸ್ ಜಾನ್ಸನ್ ಮತ್ತು ಸಂಗಡಿಗರು ಎತ್ತರದ ಬಲದಿಂದಲೇ ಮುರಿದರು. ಗೆಳೆಯನ ಗಂಟಲು ಆಗಲೇ ಅರ್ಧ ಹೋಗಿತ್ತು.

ಮೂರನೆಯ ದಿನ: ಭಾನುವಾರ

ಸೆಮಿಫೈನಲ್ ಶನಿವಾರ, ಫೈನಲ್ ಸೋಮವಾರ. ನಡುವಿನ ಭಾನುವಾರ ಪ್ರವಾಸಿಗರಿಗೆ ಬಿಡುವು. ಗೆಳೆಯ ನಾಸಾದ ರಾಕೆಟ್ ನೋಡೋಣವೆಂದ. ನಾನು ಅವನನ್ನು ಎಳೆದುಕೊಂಡು ಹೋದದ್ದು ಮತ್ತೆ ಕ್ರೀಡಾಂಗಣದ ಕಡೆಗೇ, ಅದರ ಪಕ್ಕದಲ್ಲಿ ಬೀಗ ಬಿದ್ದ ಮುದಿ ಆಸ್ಟ್ರೋಡೋಮನ್ನು ನೋಡಲು.

1965ರಲ್ಲಿ ತೆರೆದಾಗ ಅದನ್ನು ಜಗತ್ತಿನ ಎಂಟನೆಯ ಅದ್ಭುತವೆಂದು ಹೊಗಳಿದ್ದರಂತೆ. ಹವಾನಿಯಂತ್ರಿತ ಗುಮ್ಮಟದೊಳಗೆ ಬೇಸ್‌ಬಾಲ್ ಆಡಬಹುದೆಂಬುದೇ ಆಗ ನಂಬಲಾಗದ ಸಂಗತಿ. ಈಗ ಪಕ್ಕದ ಹೊಸ ಕಟ್ಟಡದ ನೆರಳಿನಲ್ಲಿ, ಬಾಗಿಲು ಮುಚ್ಚಿ ವರ್ಷಗಳಾದ ಮೇಲೆ, ಮಸುಕು ಬಣ್ಣದ ದೊಡ್ಡ ಬೋಗುಣಿಯನ್ನು ಬೋರಲು ಹಾಕಿದಂತೆ ಕುಳಿತಿತ್ತು. ಒಳಗೆ ಬಿಡುವುದಿಲ್ಲ, ಬೇಲಿಯ ಹೊರಗಿನಿಂದ ನೋಡಿದ್ದಷ್ಟೇ. ಕಾಲೇಜು ಬಾಸ್ಕೆಟ್‌ಬಾಲನ್ನು ಪ್ರೀತಿಸುವವರು ಹ್ಯೂಸ್ಟನ್ನಿಗೆ ಬಂದು ಈ ಗುಮ್ಮಟದ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗಬಾರದು. 1968ರ ಜನವರಿ 20ರಂದು ಹ್ಯೂಸ್ಟನ್ ವಿಶ್ವವಿದ್ಯಾಲಯ ಇಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿಎಲ್‌ಎ) ತಂಡವನ್ನು 71–69ರಿಂದ ಸೋಲಿಸಿ, ಅದರ ಸತತ 47 ಗೆಲುವುಗಳ ಓಟವನ್ನು ನಿಲ್ಲಿಸಿತು. ಎಲ್ವಿನ್ ಹೇಯ್ಸ್ 39 ಅಂಕ ಗಳಿಸಿದರೆ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಅಲ್ಸಿಂಡರ್ ಗಾಯಗೊಂಡ ಕಣ್ಣಿನೊಂದಿಗೆ ಆಡಿ 15ಕ್ಕೆ ತೃಪ್ತಿಪಡಬೇಕಾಯಿತು. ಆಡಲು ಬೇಕಾದ ಮರದ ಹಾಸನ್ನು ಲಾಸ್ ಏಂಜಲೀಸಿನಿಂದ ತರಿಸಿದ್ದರು. 52,693 ಮಂದಿ ನೋಡಿದ ಆ ಪಂದ್ಯದಿಂದಲೇ ಇಂಥ ಮಹಾ ಆವರಣಗಳಲ್ಲಿ ಬಾಸ್ಕೆಟ್‌ಬಾಲ್ ಆಡಿಸಬಹುದೆಂಬ ಧೈರ್ಯ ಬಂದದ್ದು. ಒಂದು ಅರ್ಥದಲ್ಲಿ ನಾವು ಚಾಪೆಯಷ್ಟು ಕಾಣುವ ಅಂಗಳವನ್ನು ದುರ್ಬೀನು ಹಿಡಿದು ನೋಡಬೇಕಾಗಿ ಬಂದದ್ದಕ್ಕೂ ಆ ರಾತ್ರಿಯೇ ಹೊಣೆ.

ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಮಾತ್ರ ಇನ್ನೊಂದು ಪಂದ್ಯ. 1971ರ ರಾಷ್ಟ್ರೀಯ ಫೈನಲ್ ಇದೇ ಗುಮ್ಮಟದೊಳಗೆ ನಡೆದಿತ್ತು. ಅಂದು ಯುಸಿಎಲ್‌ಎ ಎದುರು 62–68ರಿಂದ ಸೋತದ್ದು ವಿಲ್ಲನೋವಾ. ಸೋತದ್ದೂ ಸಾಲದೆಂಬಂತೆ, ತಂಡದ ಮುಖ್ಯ ಆಟಗಾರ ಹೊವರ್ಡ್ ಪೋರ್ಟರ್ ಋತುವಿನ ನಡುವೆಯೇ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ್ದು ಬಯಲಾಗಿ, ಆ ಎರಡನೆಯ ಸ್ಥಾನವನ್ನೂ ದಾಖಲೆಯಿಂದ ಅಳಿಸಿಹಾಕಿದರು. ಹೀಗೆ ಕಾಗದದ ಮೇಲೆ ನಡೆಯದೇ ಹೋದ ಫೈನಲ್ಲಿನ ಗುಮ್ಮಟದಿಂದ ಕೂಗಳತೆಯ ದೂರದಲ್ಲಿ, 45 ವರ್ಷಗಳ ನಂತರ, ಅದೇ ಕಾಲೇಜಿನ ಹುಡುಗರು ಮತ್ತೊಂದು ಫೈನಲ್ ಆಡಲಿದ್ದರು. ಅಲ್ಲಿಯವರೆಗಿನ ಅವರ ಏಕೈಕ ಪ್ರಶಸ್ತಿ 1985ರದ್ದು. ಜಾರ್ಜ್‌ಟೌನ್ ವಿರುದ್ಧ 66–64ರಿಂದ ಗೆದ್ದ ಆ ಪಂದ್ಯದಲ್ಲಿ ಅವರು 28 ಎಸೆತಗಳಲ್ಲಿ 22ನ್ನು ಗುರಿ ಮುಟ್ಟಿಸಿದ್ದರು. ಎಸೆತಕ್ಕೆ ಕಾಲಮಿತಿಯಿಲ್ಲದ ದಿನಗಳವು. ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಂಡು ಕಾಯಬಹುದಿತ್ತು. ಈಗ 30 ಸೆಕೆಂಡುಗಳೊಳಗೆ ಎಸೆಯಲೇಬೇಕು. ಅದೂ 35 ಇದ್ದದ್ದು 30ಕ್ಕೆ ಇಳಿದದ್ದು ಆ ಋತುವಿನಲ್ಲೇ.

ಮಧ್ಯಾಹ್ನ ಜಾರ್ಜ್ ಆರ್. ಬ್ರೌನ್ ಸಮಾವೇಶ ಭವನದ ಅಭಿಮಾನಿಗಳ ಮೇಳಕ್ಕೆ ಹೋದೆವು. ಗೆಳೆಯ ಮೂರು ಅಂಕದ ಗೆರೆಯಿಂದ ಐದು ಎಸೆದು ಐದನ್ನೂ ತಪ್ಪಿದ. ನಾನು ಒಂದನ್ನು ಹಾಕಿದೆ. ಅದನ್ನು ಇಲ್ಲಿ ಬರೆಯದೆ ಬಿಡಲು ಮನಸ್ಸಾಗುತ್ತಿಲ್ಲ.

ನಾಲ್ಕನೆಯ ದಿನ: ಸೋಮವಾರ

ಫೈನಲ್ ಆರಂಭವಾಗುವುದು ರಾತ್ರಿ ಎಂಟು ಗಂಟೆ ಕಳೆದ ಮೇಲೆ. ಹಗಲೆಲ್ಲ ಏನು ಮಾಡಿದೆವೆಂದು ಈಗ ನೆನಪಿಲ್ಲ. ಗೆಳೆಯ ಬೆಳಗಿನಿಂದ ಸರಿಯಾಗಿ ಉಂಡಿರಲಿಲ್ಲ ಎನ್ನುವುದಷ್ಟು ನೆನಪಿದೆ.

ಆ ರಾತ್ರಿ ಒಳಗಿದ್ದವರು 74,340 ಮಂದಿ. ಕ್ಯಾರೊಲಿನಾದ ಹಳೆಯ ವಿದ್ಯಾರ್ಥಿ ಮೈಕೆಲ್ ಜೋರ್ಡನ್ ಅವರ ಮುಖ ದೊಡ್ಡ ಪರದೆಯ ಮೇಲೆ ಕಂಡಾಗ ಅರ್ಧ ಕ್ರೀಡಾಂಗಣ ಎದ್ದು ನಿಂತಿತು; 1982ರ ಫೈನಲ್ಲಿನಲ್ಲಿ ಜಾರ್ಜ್‌ಟೌನ್ ವಿರುದ್ಧ 63–62ರ ಗೆಲುವು ತಂದ ಎಸೆತ ಆಗಿನ್ನೂ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಅವರದೇ. ಇನ್ನೊಂದು ಸಂಗತಿಯನ್ನು ಪಕ್ಕದ ಸಾಲಿನವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ವಿಲ್ಲನೋವಾದ ಕ್ರಿಸ್ ಜೆಂಕಿನ್ಸ್ ಮತ್ತು ಕ್ಯಾರೊಲಿನಾದ ನೇಟ್ ಬ್ರಿಟ್ ಒಂದೇ ಮನೆಯಲ್ಲಿ ಬೆಳೆದವರು. ಶಾಲೆಯ ದಿನಗಳಲ್ಲೇ ಬ್ರಿಟ್ ಅವರ ತಂದೆತಾಯಿ ಜೆಂಕಿನ್ಸನ ಪಾಲಕತ್ವ ವಹಿಸಿಕೊಂಡಿದ್ದರು. ಆ ತಂದೆತಾಯಿಗೆ ಈ ರಾತ್ರಿ ಯಾವ ಫಲಿತಾಂಶ ಬಂದರೂ ಮನೆಯಲ್ಲಿ ಒಬ್ಬ ಅಳುವುದು ಖಂಡಿತವಿತ್ತು.

ಪ್ರಥಮಾರ್ಧ ಗೆಳೆಯನ ಲೆಕ್ಕಾಚಾರವನ್ನು ತಲೆಕೆಳಗು ಮಾಡಿ ಅವನನ್ನೇ ಸಂತೋಷಪಡಿಸಿತು. ರಿಂಗಿನ ಬುಡದಲ್ಲಿ ಆಡುವ ಅವನ ತಂಡ ಅಂದು ದೂರದಿಂದ ಎಸೆದುದೆಲ್ಲ ಬೀಳುತ್ತಿತ್ತು. ವಿರಾಮಕ್ಕೆ ತುಸು ಮುಂಚೆ ಕ್ಯಾರೊಲಿನಾ ಇನ್ನೂ ಎರಡು ಅಂಕ ಸೇರಿಸಿಕೊಳ್ಳುವ ಹೊತ್ತಿಗೆ, ವಿಲ್ಲನೋವಾದ ಜಾಶ್ ಹಾರ್ಟ್ ಹಿಂದಿನಿಂದ ಓಡಿಬಂದು ಜಸ್ಟಿನ್ ಜಾಕ್ಸನ್ನನ ಎಸೆತವನ್ನು ಗಾಳಿಯಲ್ಲೇ ತಟ್ಟಿದ. ಅದೇ ಚೆಂಡು ಆ ತುದಿಗೆ ಹೋಗಿ ಫಿಲ್ ಬೂತನ ಕೈಯಿಂದ ಎರಡು ಅಂಕವಾಯಿತು. ವಿರಾಮಕ್ಕೆ 39–34. ಅಂತರ ಒಂಬತ್ತಾಗಬೇಕಿದ್ದದ್ದು ಐದಾಯಿತು. ಮರುದಿನ ಎಲ್ಲರೂ ಕೊನೆಯ ಎಸೆತದ ಮಾತನ್ನೇ ಆಡಿದರು. ಮೂರೇ ಅಂಕಗಳಿಂದ ತೀರ್ಮಾನವಾದ ಪಂದ್ಯದಲ್ಲಿ ಹಾರ್ಟನ ಆ ಓಟವೊಂದೇ ನಾಲ್ಕು ಅಂಕ ಬಾಳಿತ್ತೆಂದು ನಾನು ಈಗಲೂ ವಾದಿಸುತ್ತೇನೆ.

ದ್ವಿತೀಯಾರ್ಧದಲ್ಲಿ ಬೂತ್ ನಿಲ್ಲಲೇ ಇಲ್ಲ. ಬೆಂಚಿನಿಂದ ಬಂದ ಆ ಹುಡುಗ ಅಂದು 20 ಅಂಕ ಗಳಿಸಿ ತಂಡದಲ್ಲೇ ಮೊದಲಿಗನಾದ. ಬೆಂಚಿನ ಮೇಲೆ ಬೆಳೆದ ನನ್ನಂಥವನಿಗೆ ಅವನ ಮೇಲೆ ಮಮತೆ ಮೂಡಿದ್ದು ಸಹಜವೇ. ಆಟ ಮುಗಿಯಲು ಐದೂವರೆ ನಿಮಿಷ ಇರುವಾಗ ವಿಲ್ಲನೋವಾ 67–57ರಿಂದ ಮುಂದಿತ್ತು. ನಮ್ಮ ಹಿಂದಿನ ಸಾಲಿನ ದಂಪತಿ ರೈಲಿನ ನೂಕುನುಗ್ಗಲು ತಪ್ಪಿಸಿಕೊಳ್ಳಲೆಂದು ಎದ್ದು ಹೊರಟೇಹೋದರು. ಅವರಿಗೆ ಮರುದಿನ ಬೆಳಿಗ್ಗೆ ಹೇಗನ್ನಿಸಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕ್ಯಾರೊಲಿನಾ ಒಂದೊಂದೇ ಅಂಕ ಕಿತ್ತುಕೊಳ್ಳುತ್ತ ಬಂತು. ಅದರ ನಾಯಕ ಮಾರ್ಕಸ್ ಪೇಜ್, ಕೊನೆಯ ವರ್ಷದ ವಿದ್ಯಾರ್ಥಿ, ಎಡಗೈಯವನು. ಕೊನೆಯ ಅರ್ಧ ನಿಮಿಷದೊಳಗೆ ಅವನು ರಿಂಗಿನ ಬುಡಕ್ಕೆ ನುಗ್ಗಿ ಅಂತರವನ್ನು 72–71ಕ್ಕೆ ತಂದ. ಹಾರ್ಟನ ಮೇಲೆ ಫೌಲ್. ಹಾರ್ಟ್ ಎರಡೂ ಫ್ರೀ ಥ್ರೋ ಹಾಕಿದ: 74–71. ಉಳಿದದ್ದು ಹದಿಮೂರು ಸೆಕೆಂಡು.

ಆಮೇಲಿನದನ್ನು ನಿಧಾನವಾಗಿ ಹೇಳಬೇಕು. ಮೂರು ಅಂಕದ ಗೆರೆಯ ಹೊರಗೆ ಪೇಜನ ಕೈಗೆ ಚೆಂಡು ಬಂದಾಗ ವಿಲ್ಲನೋವಾದ ರಯನ್ ಆರ್ಚಿಡಿಯಾಕನೊ ಅವನ ಮೇಲೆ ಹಾರಿಬಿದ್ದಂತೆ ಬಂದ. ಪೇಜ್ ಆಗಲೇ ಗಾಳಿಯಲ್ಲಿದ್ದ. ಎಸೆಯಲು ಎತ್ತಿದ ಚೆಂಡನ್ನು ಗಾಳಿಯಲ್ಲಿದ್ದಂತೆಯೇ ಕೆಳಗಿಳಿಸಿ, ಎದುರಾಳಿಯ ಕೈ ಹಾದುಹೋಗುವವರೆಗೆ ತಡೆದು, ಕಾಲು ಮಡಚಿಕೊಂಡು ದೇಹ ಕೆಳಗೆ ಬೀಳುತ್ತಿರುವಾಗ ಮತ್ತೆ ಎತ್ತಿ ಬಿಟ್ಟ. ಎಸೆತಕ್ಕೆ ಬಲ ಬರುವುದು ನೆಲವನ್ನು ಒದ್ದ ಕಾಲಿನಿಂದ. ಅದನ್ನು ಕಳೆದುಕೊಂಡ ಮೇಲೆ ಉಳಿಯುವುದು ಮೊಣಕೈ ಮತ್ತು ಮಣಿಕಟ್ಟು ಮಾತ್ರ. ಅಷ್ಟರಿಂದಲೇ ಚೆಂಡು ಬಲೆಯೊಳಗೆ ಬಿತ್ತು. 74–74. ಗಡಿಯಾರದಲ್ಲಿ 4.7 ಸೆಕೆಂಡು. ನಾನು ನೇರವಾಗಿ ನೋಡಿದ ಎಸೆತಗಳಲ್ಲಿ ಅಷ್ಟು ಕಷ್ಟದ್ದು ಮತ್ತೊಂದಿಲ್ಲ. ಮುಂದಿನ ಸಾಲಿನವನ ಕೈಯಲ್ಲಿದ್ದ ಪಾನೀಯವೆಲ್ಲ ನನ್ನ ಬೂಟಿನ ಮೇಲೆ ಸುರಿಯಿತು. ಗೆಳೆಯ ಪರಿಚಯವೇ ಇಲ್ಲದ ಮುದುಕರೊಬ್ಬರನ್ನು ತಬ್ಬಿಕೊಂಡು ಕುಣಿಯುತ್ತಿದ್ದ.

ವಿಲ್ಲನೋವಾ ಟೈಮ್ ಔಟ್ ಕೇಳಿತು. ಈ ಬಿಡುವಿನಲ್ಲಿ ಎಲ್ಲರೂ ಪರದೆಯ ಮೇಲೆ ಪೇಜನ ಎಸೆತವನ್ನು ಮತ್ತೆ ಮತ್ತೆ ನೋಡುತ್ತಿದ್ದಾಗ, ನನ್ನ ದುರ್ಬೀನಿಗೆ ಒಂದು ವಿಚಿತ್ರ ದೃಶ್ಯ ಸಿಕ್ಕಿತು. ವಿಲ್ಲನೋವಾದ ಸೆಂಟರ್ ಡೇನಿಯಲ್ ಒಚೆಫು, ಹೆಚ್ಚುಕಡಿಮೆ ಏಳಡಿಯ ಆಳು, ನೆಲ ಒರೆಸುವ ಹುಡುಗನ ಕೈಯಿಂದ ಒರೆಸುಕೋಲು ಇಸಿದುಕೊಂಡು ಅಂಗಳದ ನಡುಭಾಗದಲ್ಲಿ ತಾನೇ ನೆಲ ಒರೆಸುತ್ತಿದ್ದ. ಗಡಿಬಿಡಿಯಿಲ್ಲ; ಮನೆಯ ಪಡಸಾಲೆ ಒರೆಸುವಷ್ಟು ನೆಮ್ಮದಿಯಿಂದ, ಅತ್ತ ಎರಡು ಬಾರಿ, ಇತ್ತ ಎರಡು ಬಾರಿ. ನನಗೆ ನಗು ಬಂತು. ಅವನು ಒರೆಸುತ್ತಿದ್ದದ್ದು ಇನ್ನು ಕೆಲವೇ ಕ್ಷಣಗಳಲ್ಲಿ ತಾನು ಸ್ಕ್ರೀನ್ ಹಾಕಲು, ಅಂದರೆ ಎದುರಾಳಿಯ ದಾರಿಗೆ ಅಡ್ಡವಾಗಿ, ನಿಲ್ಲಬೇಕಾಗಿದ್ದ ಜಾಗವನ್ನು. ಬೆವರಿನ ತೇವಕ್ಕೆ ಕಾಲು ಜಾರಿದ್ದರೆ ಮುಂದಿನದೇನೂ ಇರುತ್ತಿರಲಿಲ್ಲ.

ಜೆಂಕಿನ್ಸ್ ತಮ್ಮ ರಿಂಗಿನ ಹಿಂದಿನ ಗೆರೆಯಿಂದ ಚೆಂಡನ್ನು ಆರ್ಚಿಡಿಯಾಕನೊಗೆ ಕೊಟ್ಟ. ಆರ್ಚಿಡಿಯಾಕನೊ ಡ್ರಿಬಲ್ ಮಾಡುತ್ತ ನಡುಗೆರೆಯತ್ತ ಓಡಿದ. ಒರೆಸಿದ ಜಾಗದ ಹತ್ತಿರ ಒಚೆಫು ಎದುರಾಳಿಗೆ ಅಡ್ಡ ನಿಂತ. ಇಡೀ ಕ್ರೀಡಾಂಗಣ ಆರ್ಚಿಡಿಯಾಕನೊ ಎಸೆಯುತ್ತಾನೆಂದು ಕಾಯುತ್ತಿತ್ತು, ಕ್ಯಾರೊಲಿನಾದ ಹುಡುಗರೂ ಅವನತ್ತಲೇ ಕುಗ್ಗಿದರು. ಚೆಂಡನ್ನು ಒಳಗೆ ಕೊಟ್ಟವನನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಜೆಂಕಿನ್ಸ್ ಬಲಭಾಗದಲ್ಲಿ ಹಿಂದೆ ಹಿಂದೆಯೇ ಓಡಿಬಂದಿದ್ದ. ಆರ್ಚಿಡಿಯಾಕನೊ ಚೆಂಡನ್ನು ಕೆಳಗೈಯಿಂದ ಅವನತ್ತ ಮೆಲ್ಲನೆ ತೇಲಿಬಿಟ್ಟ. ಗೆರೆಯಿಂದ ಸಾಕಷ್ಟು ಹೊರಗೆ ಚೆಂಡು ಹಿಡಿದ ಜೆಂಕಿನ್ಸ್, ಓಟದ ವೇಗವನ್ನು ಎರಡು ಹೆಜ್ಜೆಗಳಲ್ಲಿ ನುಂಗಿ, ನೆಟ್ಟಗೆ ಎದ್ದು ಎಸೆದ. ಕ್ಯಾರೊಲಿನಾದ ಐಸಾಯಾ ಹಿಕ್ಸ್ ಕೈಚಾಚಿ ಹಾರಿದ್ದು ಅರೆಕ್ಷಣ ತಡವಾಯಿತು. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಬೋರ್ಡಿನ ಅಂಚಿನ ಕೆಂಪು ದೀಪ ಹೊತ್ತಿಕೊಂಡಿತು.

ಬಲೆಯ ಸದ್ದು ನನಗೆ ಕೇಳಿಸಿತೆಂದು ಹೇಳಿದರೆ ಸುಳ್ಳಾದೀತು. ನಾವಿದ್ದ ಎತ್ತರಕ್ಕೆ ಏನೂ ಕೇಳಿಸುವಂತಿರಲಿಲ್ಲ. ಕಂಡದ್ದು ಬಣ್ಣದ ಕಾಗದದ ಚೂರುಗಳು ಸಿಡಿದದ್ದು, ಆಮೇಲೆ ರೆಫರಿಗಳು ಪರದೆಯ ಮುಂದೆ ಬಾಗಿ, ಚೆಂಡು ಸಮಯದೊಳಗೆ ಕೈ ಬಿಟ್ಟಿತ್ತೇ ಎಂದು ನೋಡಿದ್ದು. ಬಿಟ್ಟಿತ್ತು. 77–74. ಮೂರು ಅಂಕದ ಎಸೆತವೊಂದು ಗಂಟೆ ಹೊಡೆಯುವ ಕ್ಷಣದಲ್ಲೇ ರಾಷ್ಟ್ರೀಯ ಫೈನಲ್ಲನ್ನು ಗೆದ್ದುಕೊಟ್ಟದ್ದು ಅದೇ ಮೊದಲು. ವಸತಿಗೆ ಬಂದು ಟಿವಿಯಲ್ಲಿ ನೋಡಿದಾಗ ಜೇ ರೈಟ್ ಅವರ ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ. ಎದುರಾಳಿ ಕೋಚ್ ರಾಯ್ ವಿಲಿಯಮ್ಸ್ ಅವರ ಕೈಕುಲುಕಲು ನಡೆದುಹೋಗುತ್ತಿದ್ದರು.

ಗೆಳೆಯ ಕುರ್ಚಿಯಲ್ಲಿ ಕುಳಿತಿದ್ದ. ಕಾಗದದ ಚೂರುಗಳೆಲ್ಲ ಕೆಳಗೆ ಇಳಿದ ಮೇಲೂ, ಏಣಿ ತಂದು ಬಲೆ ಕತ್ತರಿಸುವ ಶಾಸ್ತ್ರ ಮುಗಿದ ಮೇಲೂ ಕುಳಿತೇ ಇದ್ದ. ಮೊದಲು ಪೇಜ್, ಆಮೇಲೆ ಜೆಂಕಿನ್ಸ್. ನಡುವೆ ಆಟದ ಗಡಿಯಾರದಲ್ಲಿ ಐದು ಸೆಕೆಂಡೂ ಇರಲಿಲ್ಲ. ಪೇಜನ ಎಸೆತವೇ ದೊಡ್ಡದು ಎಂಬ ನನ್ನ ಅಭಿಪ್ರಾಯವನ್ನು ಆ ಹೊತ್ತಿನಲ್ಲಿ ಅವನಿಗೆ ಹೇಳಲಿಲ್ಲ. 21 ಅಂಕ ಗಳಿಸಿ, ಅಂಥದ್ದೊಂದನ್ನು ಹಾಕಿ, ಆಮೇಲೆ ಸೋತವನ ಸಂಗತಿ ಅದು. ಸಮಾಧಾನದ ಮಾತಾಗಿ ಬಳಸುವಂಥದ್ದಲ್ಲ.

ಐದನೆಯ ದಿನ: ಮಂಗಳವಾರ

ಮರಳುವಾಗ ಜೆರ್ಸಿ ಹ್ಯಾಂಗರಿನಲ್ಲಿರಲಿಲ್ಲ, ಸೀಟಿನ ಮೇಲೆ ಮುದುಡಿ ಬಿದ್ದಿತ್ತು. ಹ್ಯೂಸ್ಟನ್ ಬಿಟ್ಟು ಒಂದು ಗಂಟೆಯವರೆಗೆ ಮಾತಿಲ್ಲ. ರೇಡಿಯೋದಲ್ಲಿ ಆ ಎಸೆತದ ವೀಕ್ಷಕ ವಿವರಣೆ ಬಂದಾಗ ಅವನು ಕೈಚಾಚಿ ಆರಿಸಿದ.

ಅವನ ತಂಡ ಮರುವರ್ಷವೇ ಗೊನ್ಜಾಗಾವನ್ನು 71–65ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅದರ ಮರುವರ್ಷ ಮತ್ತೆ ವಿಲ್ಲನೋವಾ. ಪೇಜ್ ಆಗ ಕಾಲೇಜು ಮುಗಿಸಿಯಾಗಿತ್ತು. ಎನ್‌ಬಿಎಯಲ್ಲಿ ಅವನಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಜೆಂಕಿನ್ಸನಿಗೆ ಅದೂ ಸಿಗಲಿಲ್ಲ. ಹಾರ್ಟ್ ಮತ್ತು ಆ ವರ್ಷ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಜೇಲನ್ ಬ್ರನ್ಸನ್ ಮುಂದೆ ಅಲ್ಲಿ ದೊಡ್ಡ ಹೆಸರು ಮಾಡಿದರು. ಇವೆಲ್ಲ ಆಮೇಲಿನ ಮಾತು. ಅಂದು ಕಾರಿನಲ್ಲಿದ್ದ ನಮಗೆ ಇದಾವುದೂ ಗೊತ್ತಿರಲಿಲ್ಲ.

ಹಂಟ್ಸ್‌ವಿಲ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತೆವು. ಗೆಳೆಯ ಕಾಫಿ ಮುಗಿಸಿ, ಖಾಲಿ ಲೋಟ ಹಿಡಿದು, ಹತ್ತಡಿ ದೂರದ ಕಸದ ಡಬ್ಬಿಯನ್ನು ಕೊಂಚ ಹೊತ್ತು ನೋಡಿದ. "ಒಳಗೆ ಕೊಟ್ಟವನನ್ನು ಒಬ್ಬನಾದರೂ ಹಿಡಿದುಕೊಂಡಿರಬೇಕಿತ್ತು," ಎಂದ. ಅದು ಆ ದಿನ ಅವನಾಡಿದ ಮೊದಲ ಮಾತು. ಬಳಿಕ ಎಡಗೈಗೆ ಲೋಟ ಬದಲಾಯಿಸಿಕೊಂಡು, ಹಾರಿ, ಗಾಳಿಯಲ್ಲಿ ಕೈ ಒಮ್ಮೆ ಕೆಳಗಿಳಿಸಿ, ಮತ್ತೆ ಎತ್ತಿ ಎಸೆದ. ಲೋಟ ಡಬ್ಬಿಯ ಅಂಚಿಗೆ ಬಡಿದು ಹೊರಗೆ ಬಿತ್ತು. ಅವನು ಹೋಗಿ ಅದನ್ನು ಹೆಕ್ಕಿಕೊಂಡು, ಮೊದಲಿನ ಜಾಗಕ್ಕೇ ಮರಳಿ ಬಂದು ನಿಂತ.